ಟೇಪಿನ ಆ ತುದಿ

ಐದನೇ ಕ್ಲಾಸಿನ ಟೀಚರಿಗೆ ಮಕ್ಕಳು ಇಟ್ಟಿದ್ದ ಹೆಸರು ಟೇಪ್ ಟೀಚರ್. ಅದು ಅವರ ಕಿವಿಗೂ ಬಿದ್ದಿತ್ತು, ಬಿದ್ದೇ ಇಲ್ಲವೆಂಬಂತೆ ಇದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆ ಟೀಚರುಗಳ ಕೈಚೀಲದಲ್ಲಿ ಬಾಚಣಿಗೆ, ತಲೆನೋವಿನ ಮಾತ್ರೆ, ಮನೆಯ ಬೀಗದಕೈ ಇದ್ದರೆ ಇವರ ಚೀಲದಲ್ಲಿ ಅವುಗಳ ಜೊತೆಗೆ ಒಂದು ಉದ್ದನೆಯ ಬಟ್ಟೆ ಟೇಪೂ ಇರುತ್ತಿತ್ತು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವ ಕುಳ್ಳ ಟೇಪಲ್ಲ. ಮನೆ ಕಟ್ಟುವವರು ಜಾಗ ಅಳೆಯಲು ಬಿಚ್ಚುವಂಥದ್ದು, ದುಂಡು ಡಬ್ಬಿಯೊಳಗೆ ಸುತ್ತಿಕೊಂಡಿರುವಂಥದ್ದು. ಹಿಡಿ ತಿರುಗಿಸಿದರೆ ಕರ್ರ್ ಎಂದು ಒಳಗೆ ಹೋಗುತ್ತಿತ್ತು. ಆ ಸದ್ದಿಗೆ ಐದನೇ ಕ್ಲಾಸು ಗಂಟೆಯ ಸದ್ದಿಗಿಂತ ಬೇಗ ಬಾಯಿ ಮುಚ್ಚುತ್ತಿತ್ತು.

ಅವರ ಕ್ಲಾಸಿಗೆ ಹೋಗುವವರು ಕಾಲು ನೋಡಿಕೊಂಡು ಇಡಬೇಕು. ನೆಲದ ತುಂಬ ರಟ್ಟಿನ ಚೂರು, ಗಾಳಿಯ ತುಂಬ ಅಂಟಿನ ವಾಸನೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ, ನಡುವೆ ಹಳೆಯ ಬಾಗಿಲುಗಳನ್ನು ಜೋಡಿಸಿ ಇಟ್ಟಿಗೆಯ ಮೇಲೆ ಮಲಗಿಸಿದ ದೊಡ್ಡ ಹಲಗೆ. ಹೊಸದಾಗಿ ಬಂದ ಹೆಡ್ ಮೇಡಂ ಮೊದಲ ದಿನ ಬಾಗಿಲಲ್ಲೇ ನಿಂತು, "ಇದು ಕ್ಲಾಸೋ, ಬಡಗಿ ಅಂಗಡೀನೋ?" ಎಂದು ಕೇಳಿದ್ದರು. "ಮಧ್ಯಾಹ್ನದವರೆಗೆ ಬಡಗಿ ಅಂಗಡಿ ಮೇಡಂ, ಆಮೇಲೆ ಕ್ಲಾಸು," ಎಂದಿದ್ದರು ಟೀಚರ್. ಮೇಡಂ ನಕ್ಕು ಹೋದರು. ನಗದೆ ಏನು ಮಾಡುತ್ತಾರೆ, ಆ ಕ್ಲಾಸಿನ ಮಕ್ಕಳು ಭಿನ್ನರಾಶಿಯನ್ನು ಬಾಯಿಪಾಠ ಮಾಡದೆಯೇ ಬಿಡಿಸುತ್ತಿದ್ದರು.

ಆ ಕ್ಲಾಸಿನಲ್ಲಿ ಮಾನಿಟರ್ ಎನ್ನುವ ದೊಣ್ಣೆನಾಯಕ ಇರಲಿಲ್ಲ. ಎಲ್ಲರೂ ಮಂತ್ರಿಗಳೇ. ಅಂಟಿನ ಮಂತ್ರಿ, ಕತ್ತರಿ ಮಂತ್ರಿ, ಕಸದ ಮಂತ್ರಿ, ಕಿಟಕಿ ಮಂತ್ರಿ, ಲೆಕ್ಕದ ಮಂತ್ರಿ. ಪ್ರಜೆಗಳೇ ಇಲ್ಲದ ರಾಜ್ಯ. ಕಸದ ಮಂತ್ರಿ ರಜ ಹಾಕಿದರೆ ಅಂದು ಕಸ ಹಾಗೇ ಬಿದ್ದಿರಬೇಕು, ಮರುದಿನ ಬಂದವನು ಅದನ್ನು ನೋಡಿ ತಾನು ಎಷ್ಟು ಬೇಕಾದವನು ಎಂದು ತಿಳಿದುಕೊಳ್ಳಬೇಕು. ಇದು ಟೀಚರ ಕಟ್ಟಳೆ.

ಪ್ರತಿ ವರ್ಷ ಆ ಹಲಗೆಯ ಮೇಲೆ ಒಂದು ಊರು ಏಳುತ್ತಿತ್ತು. ಪ್ರತಿ ಮಗುವೂ ತನ್ನ ಮನೆ ಅಳೆದು, ಅದೇ ಪ್ರಮಾಣದಲ್ಲಿ ರಟ್ಟು ಕತ್ತರಿಸಿ, ಮೇಲೆ ಸೂರಿಲ್ಲದ ಪುಟ್ಟ ಮನೆ ಕಟ್ಟಿ ಹಲಗೆಯ ಮೇಲೆ ಕೂರಿಸಬೇಕು. ಬೀದಿಗಳಿಗೆ ಬೇರೆ ಪ್ರಮಾಣ. ಬೀದಿಯನ್ನೂ ಮನೆಯ ಪ್ರಮಾಣದಲ್ಲೇ ಮಾಡಿದರೆ ಹಲಗೆ ಶಾಲೆಯ ಗೇಟು ದಾಟಿಹೋಗುತ್ತದೆ ಎಂದು ಹಿಂದೊಂದು ವರ್ಷ ಮಕ್ಕಳೇ ಲೆಕ್ಕ ಹಾಕಿ ಕಂಡುಹಿಡಿದಿದ್ದರು. ಪ್ರತಿ ಕೋಣೆಯ ನೆಲದ ಮೇಲೆ ಅಲ್ಲಿ ಮಲಗುವವರ ಹೆಸರು ಬರೆಯಬೇಕು: ಅಜ್ಜ, ಅಮ್ಮ, ನಾನು ಮತ್ತು ತಮ್ಮ, ಹೀಗೆ.

ನಿಯಮಗಳಿದ್ದವು. ಮೊದಲನೆಯದು, ಮನೆಯವರೇ ಮನೆ ಅಳೆಯುವಂತಿಲ್ಲ. ಟೇಪಿನ ಒಂದು ತುದಿ ಮನೆಯವರ ಕೈಯಲ್ಲಿ, ಆ ಕಡೆಯ ತುದಿ ಕ್ಲಾಸಿನ ಇನ್ನೊಬ್ಬರ ಕೈಯಲ್ಲಿ ಇರಬೇಕು. "ಒಂದು ಕೈಲಿ ಚಪ್ಪಾಳೆ ಆಗಲ್ಲ, ಒಬ್ಬರ ಕೈಲಿ ಅಳತೆ ಆಗಲ್ಲ," ಎನ್ನುತ್ತಿದ್ದರು ಟೀಚರ್. ಯಾರ ತುದಿ ಯಾರು ಹಿಡಿಯಬೇಕು ಎಂದು ಅವರೇ ಗೊತ್ತುಮಾಡುತ್ತಿದ್ದರು, ಅದರಲ್ಲೇ ಅವರ ಕಿತಾಪತಿ ಇದ್ದದ್ದು. ಹಾವು ಮುಂಗುಸಿಯ ಹಾಗಿರುವ ಇಬ್ಬರನ್ನು ಹುಡುಕಿ ಹುಡುಕಿ ಜೋಡಿ ಮಾಡುತ್ತಿದ್ದರು. ಠೂ ಬಿಟ್ಟವರೂ ಟೇಪು ಹಿಡಿದ ಮೇಲೆ "ಎಳಿ", "ಬಿಡು", "ಇನ್ನೂ ಸ್ವಲ್ಪ" ಎನ್ನಲೇಬೇಕಲ್ಲ. ಅಷ್ಟು ಮಾತಾದರೆ ಮುಂದಿನದು ತಾನಾಗಿ ಬರುತ್ತದೆ. ಹೋದ ಮನೆಯ ತಾಯಿ ಏನಾದರೂ ತಿನ್ನಲು ಕೊಟ್ಟಿರುತ್ತಾಳೆ, ಆ ಮನೆಯ ಅಜ್ಜ ಒಂದು ಬೈಗುಳ ಕಲಿಸಿರುತ್ತಾನೆ. ಮರುದಿನ ಇಬ್ಬರೂ ಒಂದೇ ಬೆಂಚಿನಲ್ಲಿ.

ಎರಡನೆಯ ನಿಯಮ, ಲೆಕ್ಕ ಕೂಡಬೇಕು. ಒಳಗಿನ ಕೋಣೆಗಳ ಉದ್ದಕ್ಕೆ ಗೋಡೆಗಳ ದಪ್ಪ ಸೇರಿಸಿದರೆ ಹೊರಗಿನ ಉದ್ದ ಬರಬೇಕು. ಬರದಿದ್ದರೆ ಆ ಮನೆ ಹಲಗೆ ಏರುವಂತಿಲ್ಲ. ತಪ್ಪು ಹಿಡಿದವರೇ ಜೊತೆಗೊಬ್ಬರನ್ನು ಕರೆದುಕೊಂಡು ಆ ಮನೆಗೆ ಹೋಗಿ ಮತ್ತೆ ಅಳೆದು ಬರಬೇಕು. ಯಾರೂ ಬೇಡ ಎನ್ನುವಂತಿಲ್ಲ, ಯಾರ ಮನೆಯೂ ಸಣ್ಣದು ಎನ್ನುವಂತಿಲ್ಲ.

ವರ್ಷದ ಕೊನೆಯ ದಿನ ಮಕ್ಕಳು ತಮ್ಮ ತಮ್ಮ ಮನೆಯನ್ನು ಎದೆಗೆ ಅವಚಿಕೊಂಡು ಹೊರಡುತ್ತಿದ್ದರು. ಹಲಗೆಯ ಮೇಲೆ ಅಂಟಿನ ಕಲೆಗಳಷ್ಟೇ ಉಳಿಯುತ್ತಿದ್ದವು. ಆರನೇ ಕ್ಲಾಸು ಮೈದಾನದ ಆಚೆ ಇನ್ನೊಂದು ಕಟ್ಟಡದಲ್ಲಿತ್ತು. ಅಲ್ಲಿಗೆ ಹೋದ ಮಕ್ಕಳು ಸಿಕ್ಕರೆ ಕೈಬೀಸಿ ಓಡುತ್ತಿದ್ದರು. ಓಡಲಿ ಬಿಡಿ, ಮಕ್ಕಳು ಇರಬೇಕಾದದ್ದೇ ಹಾಗೆ. ಆದರೆ ಆ ದಿನ ಟೀಚರ್ ಕತ್ತಲಾಗುವವರೆಗೂ ಅಂಟಿನ ಕಲೆ ಕೆರೆಯುತ್ತ ಕೂತಿರುತ್ತಿದ್ದರು. ವರ್ಷವೆಲ್ಲ ಊರು ಕಟ್ಟಿದವರಿಗೆ ಆ ಊರಿನಲ್ಲಿ ಒಂದು ಮನೆ ಇರಲಿಲ್ಲ. ಅವರ ಬೀದಿಯ ಜಾಗದಲ್ಲಿ ಪ್ರತಿ ವರ್ಷವೂ ಅಂಟಿನ ಡಬ್ಬಿ ಕೂತಿರುತ್ತಿತ್ತು. ಅಲ್ಲಿಟ್ಟರೆ ಎಲ್ಲರಿಗೂ ಕೈಗೆ ಎಟುಕುತ್ತದೆ ಎಂದು ಅವರು ಹೇಳಿದ್ದರು, ಮಕ್ಕಳು ನಂಬಿದ್ದರು. ದೀಪದ ಬುಡ ಕತ್ತಲೆ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಅವರ ಮನೆ ಶಾಲೆಯಿಂದ ದೂರವೇನಲ್ಲ. ಇಸ್ತ್ರಿ ಅಂಗಡಿ ದಾಟಿ, ಸೈಕಲ್ ರಿಪೇರಿಯವನ ತಿರುವಿನಲ್ಲಿ ಒಳಗೆ ಹೋದರೆ ಸಾಲಾಗಿ ಒಂದೇ ಅಚ್ಚಿನ ಮನೆಗಳು, ಅದರಲ್ಲೊಂದು. ಮುಂದೆ ಹಾಲು, ನಡುವೆ ಒಂದು ಕೋಣೆ, ಹಿಂದೆ ಒಂದು ಕೋಣೆ, ಪಕ್ಕಕ್ಕೆ ಅಂಟಿಕೊಂಡ ಅಡುಗೆಮನೆ. ಹಿಂದಿನ ಕೋಣೆ ಅಕ್ಕನದು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ತಂಗಿಯರಿಬ್ಬರೂ ಮದುವೆಯ ಮಾತೆತ್ತದೆ ಆ ಮನೆಯಲ್ಲೇ ತಲೆ ನರೆಸಿಕೊಂಡರು. ಅಕ್ಕ ದರ್ಜಿ. ದಿನವಿಡೀ ಮಿಷನ್ನಿನ ಸದ್ದು, ಸಂಜೆಯಾದರೆ ಬಟ್ಟೆ ಕೊಡುವವರು, ಬಟ್ಟೆ ಕೇಳುವವರು, "ನಾಳೆ ಖಂಡಿತ" ಎಂದು ಅಕ್ಕ ಹೇಳುವ ಹಸಿ ಸುಳ್ಳುಗಳು. ದರ್ಜಿಯ ನಾಳೆಗೆ ಕೊನೆಯೆಲ್ಲಿ. ಟೀಚರ್ ಶಾಲೆಯಿಂದ ಬಂದು ಚಪ್ಪಲಿ ಬಿಡುವುದರೊಳಗೆ ಅಕ್ಕ ಒಳಗಿನಿಂದಲೇ, "ಪುಟ್ಟೀ, ಟೀ ಇಡು, ನಂಗೂ ಅರ್ಧ," ಎನ್ನುತ್ತಿದ್ದಳು.

ಆಮೇಲೆ ಗಡಿಯಾರ ರಿಪೇರಿ ಮಾಡುವ ಒಬ್ಬರು ಕೋಟಿನ ಜೇಬು ಹೊಲಿಸಿಕೊಳ್ಳಲು ಬಂದರು. ಹೆಂಡತಿ ತೀರಿಕೊಂಡವರು, ಬೇರೆ ಊರಿನವರು, ಇಲ್ಲಿ ಯಾವುದೋ ಗೋಪುರದ ಗಡಿಯಾರ ಸರಿಮಾಡಲು ಬಂದಿದ್ದವರು. ಜೇಬಿನಲ್ಲಿ ಸ್ಕ್ರೂಡ್ರೈವರು ಇಟ್ಟುಕೊಳ್ಳುವ ಅಭ್ಯಾಸ, ಹಾಗಾಗಿ ಜೇಬು ಮೇಲಿಂದ ಮೇಲೆ ಹರಿಯುತ್ತಿತ್ತು. ಹರಿಯದಿದ್ದಾಗಲೂ ಹರಿಯುತ್ತಿತ್ತು ಎಂದು ಟೀಚರಿಗೆ ಅನುಮಾನ. ಒಂದು ದಿನ ಅಕ್ಕ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತದೆ ಹೇಳಿದಳು, "ಅರವತ್ತಕ್ಕೆ ಅರಳುಮರಳು ಅಂತಾರೆ. ನಂಗೆ ಇನ್ನೂ ಎರಡು ವರ್ಷ ಇದೆ. ಅಷ್ಟರೊಳಗೆ ಮದುವೆ ಆಗಿಬಿಡ್ಲಾ?"

ಟೀಚರ್ ನಕ್ಕರು, ರಜದಲ್ಲಿ ಸದ್ದಿಲ್ಲದೆ ನಡೆದ ಅಕ್ಕನ ಮದುವೆಗೆ ಓಡಾಡಿದರು, ಮಿಷನ್ನು ಲಾರಿಗೆ ಏರಿಸುವಾಗ ತಾವೇ ಒಂದು ಕಡೆ ಹಿಡಿದರು. ಲಾರಿ ತಿರುವು ದಾಟಿದ ಮೇಲೆ ಒಳಗೆ ಬಂದು ನೋಡಿದರೆ ಅಕ್ಕ ತನ್ನ ಹಳೆಯ ಇಸ್ತ್ರಿಪೆಟ್ಟಿಗೆ ಮರೆತು ಹೋಗಿದ್ದಳು. ಟೀಚರ್ ಅಂದು ಅದರ ಪಕ್ಕ ಕೂತು ಅತ್ತರು. ಅಕ್ಕನ ಮೇಲೆ ಕೋಪವಿರಲಿಲ್ಲ, ಅದೇ ಕಷ್ಟ. ಕೋಪವಿದ್ದಿದ್ದರೆ ಅದನ್ನಾದರೂ ಜೊತೆಗಿಟ್ಟುಕೊಳ್ಳಬಹುದಿತ್ತು.

ಅಲ್ಲಿಂದ ಎರಡು ಸುಳ್ಳು ಶುರುವಾದವು. ಶಾಲೆ ಬಿಟ್ಟಾಗ ಡ್ರಾಯಿಂಗ್ ಟೀಚರ್ ಗೇಟಿನ ಹತ್ತಿರ ಕೊಡೆ ಬಿಚ್ಚುತ್ತ, "ಬನ್ನಿ, ಒಂದು ಕಾಫಿ ಕುಡ್ಕೊಂಡು ಹೋಗೋಣ," ಎಂದರೆ ಇವರು, "ಇಲ್ಲ, ಅಕ್ಕ ಕಾಯ್ತಿರ್ತಾಳೆ," ಎನ್ನುತ್ತಿದ್ದರು. ಒಂಟಿ ಎಂದು ಗೊತ್ತಾದರೆ ಎಲ್ಲರೂ ಕನಿಕರದ ಮುಖ ಮಾಡುತ್ತಾರೆ, ಆ ಮುಖ ಬೇಡವಾಗಿತ್ತು. ಮನೆಯಲ್ಲಿ ಅಕ್ಕನ ಫೋನು ಬಂದು, "ಒಬ್ಬಳೇ ಬೇಜಾರಾಗಲ್ವಾ ಪುಟ್ಟಿ?" ಎಂದರೆ, "ಒಬ್ಬಳೆಲ್ಲಿ, ದಿನಾ ಮಕ್ಕಳು ಮನೆಗೇ ಬರ್ತಾರೆ, ಒಂದೇ ಗಲಾಟೆ. ಈಗಲೂ ಬಂದಿದಾರೆ, ಆಮೇಲೆ ಮಾತಾಡ್ತೀನಿ," ಎಂದು ಇಟ್ಟುಬಿಡುತ್ತಿದ್ದರು. ಮಾತು ಉದ್ದವಾದರೆ ಸುಳ್ಳು ಬಯಲಾಗುತ್ತಿತ್ತು. ಸುಳ್ಳು ಹೇಳಿದರೂ ನಿಜದ ತಲೆಯ ಮೇಲೆ ಹೊಡೆದ ಹಾಗಿರಬೇಕು ಎನ್ನುತ್ತಾರಲ್ಲ, ಹಾಗೇ ಹೇಳುತ್ತಿದ್ದರು. ಶಾಲೆಯವರ ಪಾಲಿಗೆ ಮನೆಯಲ್ಲಿ ಅಕ್ಕನಿದ್ದಳು, ಅಕ್ಕನ ಪಾಲಿಗೆ ಮಕ್ಕಳಿದ್ದರು. ಟೀಚರ ಪಾಲಿಗೆ ಇಸ್ತ್ರಿಪೆಟ್ಟಿಗೆ ಇತ್ತು. ಬರಬರುತ್ತ ಡ್ರಾಯಿಂಗ್ ಟೀಚರ್ ಕಾಫಿಗೆ ಕರೆಯುವುದನ್ನು ಬಿಟ್ಟರು. ಅಕ್ಕನ ಫೋನೂ ವಿರಳವಾಯಿತು.

ಈ ವರ್ಷದ ಲೆಕ್ಕದ ಮಂತ್ರಿ ಒಬ್ಬ ಹುಡುಗಿ. ಕಡ್ಡಿಯಂಥ ಮೈ, ಮುಂದಿನ ಹಲ್ಲುಗಳು ಮುಖಕ್ಕಿಂತ ಮೊದಲೇ ದೊಡ್ಡವಾಗಿದ್ದವು. ಕಡ್ಡಿ ಮುರಿದ ಹಾಗೆ ಮಾತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಅವಳ ಕಿವಿಗೆ ಯಾರೂ ಹಾಕಿರಲಿಲ್ಲ. ಹಲಗೆಯ ಊರು ಮುಕ್ಕಾಲು ತುಂಬಿದ್ದ ಒಂದು ಬೆಳಿಗ್ಗೆ ಅವಳು ಅಂಟಿನ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟು, ಅದರ ಕೆಳಗಿನ ಜಾಗ ನೋಡಿದಳು.

"ಟೀಚರ್, ಇಲ್ಲಿ ಯಾರ ಮನೆ?"

"ಅಲ್ಲಿ ಅಂಟಿನ ಡಬ್ಬಿ."

"ನಿಜವಾಗ್ಲೂ ಇಲ್ಲಿ ಯಾರಿದಾರೆ ಅಂತ. ಇದು ಸೈಕಲ್ ಅಂಗಡಿ ತಿರುವು. ನೀವು ಅಲ್ಲೇ ಒಳಗೆ ಹೋಗೋದು ನಾನು ನೋಡಿದೀನಿ."

ಉಳಿದ ಮಂತ್ರಿಗಳೂ ಬಂದು ನಿಂತರು. ಟೀಚರ ಮನೆ ಊರಿನಲ್ಲಿಲ್ಲ ಎಂಬ ಸಂಗತಿ ಇಡೀ ಸಂಪುಟಕ್ಕೆ ಒಮ್ಮೆಲೇ ಗೊತ್ತಾಯಿತು. "ನೀವು ಕ್ಲಾಸಲ್ಲಿ ಇಲ್ವಾ ಟೀಚರ್?" ಎಂದು ಕಸದ ಮಂತ್ರಿ ಕೇಳಿದ. ಪಾಪ, ಅವನು ಸುಮ್ಮನೆ ಕೇಳಿದ್ದು. ಟೀಚರಿಗೆ ಅದು ಮುಳ್ಳಿನ ಹಾಗೆ ನೆಟ್ಟಿತು.

"ಆಯ್ತು, ತರ್ತೀನಿ," ಎಂದರು.

"ಯಾರು ಬರ್ಬೇಕು ಹಿಡ್ಕೊಳ್ಳೋಕೆ?" ಎಂದಳು ಲೆಕ್ಕದ ಮಂತ್ರಿ, ಚಪ್ಪಲಿ ಹಾಕಿಕೊಳ್ಳಲು ಸಿದ್ಧಳಾದವಳಂತೆ.

"ಯಾರೂ ಬೇಡ. ಅಕ್ಕ ಇದಾಳಲ್ಲ, ಅವಳು ಹಿಡ್ಕೋತಾಳೆ."

ಮನೆಯವರೇ ಅಳೆಯುವಂತಿಲ್ಲ ಎಂಬ ನಿಯಮ ಮಾಡಿದವರೇ ಅದನ್ನು ಮುರಿದರು. ಮಕ್ಕಳು ಮುಖ ಮುಖ ನೋಡಿಕೊಂಡರು, ಟೀಚರ್ ತಾನೇ ಎಂದು ಬಿಟ್ಟುಕೊಟ್ಟರು.

ಭಾನುವಾರ ಮಧ್ಯಾಹ್ನ ಟೀಚರ್ ಮನೆಯಲ್ಲಿ ಟೇಪು ಬಿಚ್ಚಿದರು. ಹೊರಗಿನದು ಸುಲಭವಾಯಿತು, ತುದಿಯ ಉಂಗುರವನ್ನು ಗೋಡೆಯ ಮೂಲೆಯ ಮೊಳೆಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಓದಿಕೊಂಡರು. ಒಳಗೆ ಮೊಳೆಯಿರಲಿಲ್ಲ. ತುದಿಯನ್ನು ಗೋಡೆಗೊತ್ತಿ ಅದರ ಮೇಲೆ ಅಕ್ಕನ ಇಸ್ತ್ರಿಪೆಟ್ಟಿಗೆ ಇಟ್ಟರು. ಎಳೆದರೆ ಪೆಟ್ಟಿಗೆಯಡಿಯಿಂದ ಟೇಪು ಕಿತ್ತು ಬರುತ್ತಿತ್ತು. ಮತ್ತೆ ಹೋಗಿ ಒತ್ತಿದರು, ಮತ್ತೆ ಕಿತ್ತು ಬಂತು. ಹಾಲಿನಿಂದ ನಡುಕೋಣೆಗೆ, ನಡುಕೋಣೆಯಿಂದ ಅಕ್ಕನ ಕೋಣೆಗೆ ಹೀಗೆ ಓಡಾಡಿ ಸೊಂಟ ಹಿಡಿದುಕೊಂಡಿತು. ಕೊನೆಗೆ ಎಳೆಯುವುದನ್ನೇ ಬಿಟ್ಟು, ಟೇಪು ಮಂಚದ ಕಾಲು ಬಳಸಿ ಹೇಗೆ ಮಲಗಿತ್ತೋ ಹಾಗೇ ಸಡಿಲವಾಗಿ ಓದಿಕೊಂಡರು. ಇಷ್ಟು ವರ್ಷ ಮಕ್ಕಳಿಗೆ ಬೇಡ ಬೇಡ ಎಂದದ್ದನ್ನೇ ತಾವು ಮಾಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿತ್ತು. ಆದರೂ ಯಾರನ್ನಾದರೂ ಕರೆಯುವುದಕ್ಕಿಂತ ಅದೇ ಹಗುರ ಅನ್ನಿಸಿತು. ಸಂಜೆ ರಟ್ಟು ಕತ್ತರಿಸಿ ಅಂಟಿಸಿದರು. ಹಿಂದಿನ ಕೋಣೆಯ ನೆಲದ ಮೇಲೆ 'ಅಕ್ಕ' ಎಂದು ಬರೆದು, ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು.

ಸೋಮವಾರ ಲೆಕ್ಕದ ಮಂತ್ರಿ ಅಳತೆಗಳನ್ನು ಬೋರ್ಡಿನ ಮೇಲೆ ಬರೆದು ಕೂಡಿಸಿದಳು. ನಿಂತಳು. ಅಳಿಸಿ ಇನ್ನೊಮ್ಮೆ ಕೂಡಿಸಿದಳು.

"ಟೀಚರ್, ನಿಮ್ಮ ಮನೆ ಒಳಗೆ ದೊಡ್ಡದಿದೆ, ಹೊರಗೆ ಚಿಕ್ಕದಿದೆ."

ಕ್ಲಾಸು ಗೊಳ್ಳೆಂದಿತು. "ಗೋಡೆ ದಪ್ಪ ಸೇರಿಸೋದಕ್ಕೆ ಮುಂಚೇನೇ ಜಾಸ್ತಿ ಇದೆ," ಎಂದು ಅವಳು ಮುಂದುವರಿಸಿದಳು, ನಗದೆ. "ರೂಮುಗಳು ಮನೆ ಒಳಗೆ ಹಿಡಿಯಲ್ಲ. ಯಾರು ಹಿಡ್ಕೊಂಡಿದ್ರು ಆ ತುದಿ?"

"ಅಕ್ಕ."

"ಹಾಗಾದ್ರೆ ನಿಮ್ಮಕ್ಕಂಗೆ ಹಿಡ್ಕೊಳ್ಳೋಕೆ ಬರಲ್ಲ."

"ಟೇಪ್ ಸಡಿಲ ಬಿಟ್ಟಿರ್ತಾರೆ," ಎಂದ ಅಂಟಿನ ಮಂತ್ರಿ. ಮೊಣಕೈವರೆಗೂ ಅಂಟು ಒಣಗಿಸಿಕೊಂಡಿರುವ ಹುಡುಗ. "ದೊಡ್ಡೋರು ಹಾಗೇನೇ, ಕಾಟಾಚಾರಕ್ಕೆ ಹಿಡ್ಕೋತಾರೆ. ನಮ್ಮ ಮಾವನೂ ಹಾಗೇ ಮಾಡಿದ್ದ."

ಟೀಚರಿಗೆ ಇನ್ನೊಂದು ಮಾತು ಸಾಕಾಗಿತ್ತು. "ಹೌದು, ಅವಳಿಗೆ ಅಭ್ಯಾಸ ಇಲ್ಲ" ಎಂದರೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೂ ಬಂತು. ಆದರೆ ಅಕ್ಕ ಬದುಕಿನಲ್ಲಿ ಒಂದು ದಿನವೂ ಟೇಪು ಸಡಿಲ ಹಿಡಿದವಳಲ್ಲ. ಕಾಲು ನೂಲು ವ್ಯತ್ಯಾಸಕ್ಕೆ ಇಡೀ ತೋಳು ಬಿಚ್ಚಿ ಹೊಲಿದವಳು. ಇಲ್ಲದ ಅಕ್ಕನ ಬಗ್ಗೆ ಸುಳ್ಳು ಹೇಳಿದ್ದು ಒಂದು, ಅವಳ ಕೈಗೆ ಹೆಸರು ಕೆಡಿಸುವುದು ಇನ್ನೊಂದು. ಅದು ಅವರಿಂದ ಆಗಲಿಲ್ಲ.

"ಅಕ್ಕ ಹಿಡ್ಕೊಂಡಿರ್ಲಿಲ್ಲ," ಎಂದರು. "ಅವಳು ಮದುವೆ ಆಗಿ ಬೇರೆ ಊರಿಗೆ ಹೋಗಿ ಎರಡು ವರ್ಷ ಆಯ್ತು. ಇಸ್ತ್ರಿಪೆಟ್ಟಿಗೆ ಇಟ್ಟು ಅಳೆದೆ. ನಮ್ಮನೇಲಿ ನಾನೊಬ್ಬಳೇ ಇರೋದು."

ಟೀಚರು ಕಾಯುತ್ತಿದ್ದದ್ದು ಆ ಕನಿಕರದ ಮುಖಕ್ಕೆ. ಅದು ಬರಲಿಲ್ಲ. ಬಂದದ್ದು ಬೇರೆ ಮುಖ, ನಿಯಮ ಮುರಿದವರನ್ನು ನೋಡುವ ಮುಖ.

"ಒಬ್ಬರ ಕೈಲಿ ಅಳತೆ ಆಗಲ್ಲ ಅಂತ ನೀವೇ ಹೇಳಿದ್ದು," ಎಂದಳು ಲೆಕ್ಕದ ಮಂತ್ರಿ. "ನಾನು ತಪ್ಪು ಹಿಡಿದಿದ್ದು, ನಾನೇ ಬರ್ಬೇಕು. ಜೊತೆಗೆ ಇವನು." ಅವಳು ಅಂಟಿನ ಮಂತ್ರಿಯ ಕಡೆ ನೋಡದೆಯೇ ಬೆರಳು ತೋರಿಸಿದಳು. ಕತ್ತರಿಯ ವಿಷಯಕ್ಕೆ ಇಬ್ಬರೂ ಹೋದ ವಾರದಿಂದ ಠೂ. ಠೂ ಬಿಟ್ಟವರನ್ನೇ ಜೋಡಿ ಮಾಡಬೇಕು ಎನ್ನುವುದು ಟೀಚರ ಕಿತಾಪತಿ ಎಂದು ಮಕ್ಕಳಿಗೆ ಯಾವಾಗಲೋ ಗೊತ್ತಾಗಿತ್ತು. ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ.

ಊಟದ ಹೊತ್ತಿಗೆ ಶಾಲೆಗೆಲ್ಲ ಸುದ್ದಿ ಹಬ್ಬಿತ್ತು. ಸಂಜೆ ಗೇಟಿನ ಹತ್ತಿರ ಡ್ರಾಯಿಂಗ್ ಟೀಚರ್ ಕೊಡೆ ಬಿಚ್ಚುತ್ತ ಒಂದು ಕ್ಷಣ ನಿಂತರು. ಟೀಚರ ಬಾಯಿಗೆ ಅಭ್ಯಾಸದ ಮಾತು ಬಂತು, ಅದು ಇನ್ನು ನಡೆಯುವುದಿಲ್ಲ. ತಲೆ ತಗ್ಗಿಸಿ ಬೇಗಬೇಗ ನಡೆದುಬಿಟ್ಟರು. ಸುಳ್ಳಾದರೂ ಜೊತೆಗೆ ನಡೆದು ಬರುತ್ತಿತ್ತು, ಅಂದು ಅದೂ ಇರಲಿಲ್ಲ. ಆ ಎರಡು ವರ್ಷಗಳಲ್ಲಿ ಅಷ್ಟು ಒಂಟಿಯಾಗಿ ಅವರು ಯಾವತ್ತೂ ಮನೆಗೆ ಹೋಗಿರಲಿಲ್ಲ.

ಮಕ್ಕಳಿಬ್ಬರೂ ಶನಿವಾರ ತಮ್ಮ ಮನೆಗಳಲ್ಲಿ ಹೇಳಿ ಟೀಚರ ಮನೆಗೆ ಬಂದರು. ಟೀಚರ್ ಬೆಳಿಗ್ಗೆಯಿಂದ ನೆಲ ಒರೆಸಿದ್ದರು, ಪಕ್ಕದ ಮನೆಯಿಂದ ಕುರ್ಚಿ ಕೇಳಿ ತರೋಣವೆಂದು ಹೊಸ್ತಿಲವರೆಗೆ ಹೋಗಿ ವಾಪಸು ಬಂದಿದ್ದರು. ಮಕ್ಕಳಿಗೆ ಕುರ್ಚಿ ಬೇಕಾಗಲಿಲ್ಲ. ಬಂದವರೇ ಚಪ್ಪಲಿ ಬಿಟ್ಟು, ಬಿಸ್ಕತ್ತು ಬಾಯಿಗಿಟ್ಟುಕೊಂಡು, ಕೆಲಸಕ್ಕೆ ನಿಂತರು. ನಿಯಮದಂತೆ ಮನೆಯವರ ತುದಿ ಟೀಚರಿಗೆ, ಆ ತುದಿ ಲೆಕ್ಕದ ಮಂತ್ರಿಗೆ. ಅಂಟಿನ ಮಂತ್ರಿ ಬರೆದುಕೊಳ್ಳುವವನು. ಹಾಲ್ ಅಳೆದು ಮುಗಿಯುವವರೆಗೂ ಅವರಿಬ್ಬರೂ ಟೀಚರ ಮೂಲಕ ಮಾತಾಡಿದರು. "ಟೀಚರ್, ಅವನಿಗೆ ಬರ್ಕೊಳ್ಳೋಕೆ ಹೇಳಿ." "ಟೀಚರ್, ಅವಳಿಗೆ ಜೋರಾಗಿ ಹೇಳೋಕೆ ಹೇಳಿ." ನಡುಕೋಣೆಗೆ ಬರುವಷ್ಟರಲ್ಲಿ ಟೀಚರನ್ನು ಬಿಟ್ಟು ನೇರವಾಗಿ ಜಗಳವಾಡತೊಡಗಿದರು.

ಅಕ್ಕನ ಕೋಣೆಯಲ್ಲಿ ಟೀಚರ್ ಮಂಚದ ಹಿಂದೆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಆಗ ಹಾಲಿನಲ್ಲಿ ಅವರ ಫೋನು ಹೊಡೆದುಕೊಂಡಿತು.

"ಬಿಡ್ಬೇಡಿ ಟೀಚರ್," ಎಂದಳು ಲೆಕ್ಕದ ಮಂತ್ರಿ ಆ ಕಡೆಯಿಂದ. "ಬಿಟ್ರೆ ಮತ್ತೆ ಮೊದಲಿಂದ."

ಅಂಟಿನ ಮಂತ್ರಿ ಓಡಿಹೋಗಿ ಫೋನು ತಂದ. ಅವನ ಮನೆಯ ಅಜ್ಜಿಗೆ ಕಿವಿ ಮಂದ, ಫೋನು ಎತ್ತಿದರೆ ಸ್ಪೀಕರ್ ಹಾಕುವುದೇ ಅವನಿಗೆ ಅಭ್ಯಾಸ. ಅಕ್ಕನ ದನಿ ಕೋಣೆಯ ತುಂಬ ಬಂತು.

"ಪುಟ್ಟೀ?"

"ಟೀಚರ್ ಟೇಪ್ ಹಿಡ್ಕೊಂಡಿದಾರೆ ಅಜ್ಜಿ, ಬಿಡೋ ಹಾಗಿಲ್ಲ."

"ಓ, ಮಕ್ಕಳು ಬಂದಿದೀರಾ? ದಿನಾ ಬರೋರು ನೀವೇನಾ?"

"ಇಲ್ಲ ಅಜ್ಜಿ, ನಾವು ಇವತ್ತೇ ಫಸ್ಟು."

"ಇಲ್ಲಿಗೆ ಯಾರೂ ಬರಲ್ಲ," ಎಂದು ಲೆಕ್ಕದ ಮಂತ್ರಿ ತನ್ನ ತುದಿಯಿಂದ ಕೂಗಿದಳು, ಲೆಕ್ಕ ಸರಿಯಿರಲಿ ಎಂದು. "ಅದಕ್ಕೇ ಅಳತೆ ತಪ್ಪಿದ್ದು."

ಟೀಚರಿಗೆ ಮಂಚದಡಿ ನುಗ್ಗಿಬಿಡೋಣ ಅನ್ನಿಸಿತು, ಆದರೆ ಕೈಯಲ್ಲಿ ತುದಿಯಿತ್ತು.

"ಪುಟ್ಟಿ, ಅಲ್ಲೇ ಇದೀಯಾ?"

"ಇದೀನಿ. ನಿನ್ನ ರೂಮಲ್ಲಿ."

"ನೀನು ಪ್ರತಿ ಸಲ ಮಕ್ಕಳು ಬಂದಿದಾರೆ ಅಂತ ಫೋನ್ ಇಡ್ತಿದ್ದೆ."

"ಹೂಂ."

"ಮನೆ ತುಂಬಿದೆ ಅಂದ್ಕೊಂಡೆ ಕಣೇ. ಹೋದ ರಜಕ್ಕೆ ಬರೋಣ ಅಂತ ಬಟ್ಟೆ ಕೂಡ ತೆಗೆದಿಟ್ಟಿದ್ದೆ. ಆಮೇಲೆ, ಅಲ್ಲಿ ಮಕ್ಕಳ ಸಾಮಾನೆಲ್ಲ ನನ್ನ ರೂಮಲ್ಲೇ ಇರುತ್ತೆ, ನಾನು ಹೋಗಿ ಎಲ್ಲಿ ಮಲಗಲಿ ಅಂತ ನಿಮ್ಮ ಭಾವನ ಹತ್ರ ನಗ್ತಾ ಹೇಳಿ, ಬಟ್ಟೆ ಮತ್ತೆ ಒಳಗಿಟ್ಟೆ. ನನ್ನ ನೆನಪು ನಿಂಗೆ ಅಷ್ಟಾಗಿ ಇಲ್ಲ ಅಂದ್ಕೊಂಡೆ."

ಟೀಚರ್ ಗೋಡೆಯ ಕಡೆ ಮುಖ ತಿರುಗಿಸಿದರು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅಕ್ಕ ಸುಖವಾಗಿರಲಿ ಎಂದು ಹೇಳಿದ ಸುಳ್ಳು ಅಕ್ಕನನ್ನೇ ಹೊಸ್ತಿಲಾಚೆ ನಿಲ್ಲಿಸಿತ್ತು. ಈ ಮನೆಯನ್ನು ಖಾಲಿಮಾಡಿದ್ದು ಬರೀ ಆ ಲಾರಿಯಲ್ಲ.

"ಯಾರೂ ಇಲ್ಲ ಅಕ್ಕ," ಎಂದರು. "ನೀನು ಹೋದ ಮೇಲೆ ಯಾರೂ ಬಂದಿಲ್ಲ. ಹೇಳಿದ್ರೆ ನೀನು ಭಾವನ್ನ ಬಿಟ್ಟು ಓಡಿ ಬರ್ತೀಯ ಅಂತ ಹೇಳ್ಲಿಲ್ಲ."

"ಬರ್ತಿದ್ದೆ."

"ಅದಕ್ಕೇ."

"ಟೀಚರ್, ಸಡಿಲ ಆಯ್ತು," ಎಂದಳು ಲೆಕ್ಕದ ಮಂತ್ರಿ. "ಬಿಗಿಯಾಗಿ ಹಿಡ್ಕೊಳ್ಳಿ."

ಟೀಚರ್ ಹಿಡಿದುಕೊಂಡರು. ಆ ಕಡೆಯಿಂದ ಹುಡುಗಿ ಎಳೆದಳು, ಟೇಪು ಮಂಚದ ಮೇಲೆ ಸೆಟೆದು ನಿಂತಿತು. ಆ ಎಳೆತ ಬೆರಳಿಗೆ ಬಂತು. ಎರಡು ವರ್ಷದಿಂದ ಈ ಮನೆಯೊಳಗೆ ಯಾರೂ ಏನನ್ನೂ ಆ ತುದಿಯಿಂದ ಎಳೆದಿರಲಿಲ್ಲ.

"ಏನು ಅಳೀತಿದೀರ?" ಎಂದಿತು ಫೋನು.

"ನಿಮ್ಮ ರೂಮು ಅಜ್ಜಿ," ಎಂದ ಅಂಟಿನ ಮಂತ್ರಿ. "ಮೂರು ಮೀಟರ್, ಹತ್ತು ಸೆಂಟಿಮೀಟರ್."

"ಅಷ್ಟೇನಾ? ನಾನು ಇನ್ನೂ ದೊಡ್ಡದು ಅಂದ್ಕೊಂಡಿದ್ದೆ."

"ನಾನೊಬ್ಬಳೇ ಅಳೆದಾಗ ಇನ್ನೂ ದೊಡ್ಡದೇ ಬಂದಿತ್ತು," ಎಂದರು ಟೀಚರ್.

ಅಂಟಿನ ಮಂತ್ರಿ ರಟ್ಟಿನ ಮೇಲೆ ಅಳತೆ ಬರೆದು, ಪೆನ್ಸಿಲ್ ಬಾಯಲ್ಲಿಟ್ಟುಕೊಂಡು ಯೋಚಿಸಿದ. "ಹಳೇ ರಟ್ಟಿನ ಮನೇಲಿ ಈ ರೂಮಿಗೆ ಅಕ್ಕ ಅಂತ ಬರೆದಿದ್ರು. ಈಗ ಏನು ಬರೀಲಿ ಟೀಚರ್? ಖಾಲಿ ಅಂತಾನಾ?"

ಟೀಚರ್ ಉತ್ತರ ಹುಡುಕುವಷ್ಟರಲ್ಲಿ ಫೋನು ಮಾತಾಡಿತು. "ಏ ಮಗು, ಅಕ್ಕ ಅಂತಾನೇ ಬರಿ. ಈ ರಜಕ್ಕೆ ಬರ್ತೀನಿ. ಪುಟ್ಟಿ, ನನ್ನ ಇಸ್ತ್ರಿಪೆಟ್ಟಿಗೆ ಅಲ್ಲೇ ಇದೆಯಾ?"

ಮಕ್ಕಳು ಹೊತ್ತು ಮುಳುಗುವ ಮುಂಚೆ ಹೊರಟರು, ಠೂ ಬಿಟ್ಟದ್ದು ಇಬ್ಬರಿಗೂ ಮರೆತುಹೋಗಿತ್ತು. ತಿರುವಿನವರೆಗೂ ಅವರ ಜಗಳ ಕೇಳಿಸುತ್ತಿತ್ತು, ಆಮೇಲೆ ಅದೂ ಇಲ್ಲ. ಟೀಚರ್ ತಟ್ಟೆ ತೊಳೆದಿಟ್ಟು ಟೀ ಇಟ್ಟರು. ಮನೆ ಮೊದಲಿನಷ್ಟೇ ಖಾಲಿಯಾಗಿತ್ತು. ರಜ ಬರಲು ಇನ್ನೂ ಬಹಳ ದಿನಗಳಿದ್ದವು, ಬಂದರೂ ಅಕ್ಕ ಮತ್ತೆ ಹೋಗುವವಳೇ. ಅಷ್ಟನ್ನೂ ಯೋಚಿಸಿ, ಒಂದು ಲೋಟ ಟೀ ಕುಡಿದು, ಹಳೆಯ ತಪ್ಪು ಮನೆಯನ್ನು ಬಿಚ್ಚಿ ಹೊಸದನ್ನು ಅಂಟಿಸಲು ಕೂತರು.

ಸೋಮವಾರ ಲೆಕ್ಕ ಕೂಡಿತು. ಲೆಕ್ಕದ ಮಂತ್ರಿ ಅಂಟಿನ ಡಬ್ಬಿಯನ್ನು ಕಿಟಕಿಯ ಮೇಲಿಟ್ಟಳು. ಇನ್ನು ಅಂಟು ಬೇಕಾದವರು ಎದ್ದು ಹೋಗಬೇಕು ಎಂದು ಕಸದ ಮಂತ್ರಿ ಗೊಣಗಿದ.

ಅಂದು ಸಂಜೆ ಟೀಚರ ಕೈಯಲ್ಲಿ ಎರಡು ಹಿಡಿಯ ದೊಡ್ಡ ಚೀಲವಿತ್ತು, ಉಳಿದ ರಟ್ಟು ತುಂಬಿದ್ದು. ಗೇಟಿನ ಹತ್ತಿರ ಡ್ರಾಯಿಂಗ್ ಟೀಚರ್ ಕೊಡೆ ಬಿಚ್ಚುತ್ತಿದ್ದರು. ಅವರು ತಲೆಯಾಡಿಸಿ ಎಂದಿನಂತೆ ಮುಂದೆ ಹೆಜ್ಜೆಯಿಟ್ಟರು. ಮಕ್ಕಳಿಗೆ ಎಷ್ಟು ಸಲೀಸಾಗಿ ಹೇಳಿಕೊಟ್ಟಿದ್ದ ಮಾತು, ದೊಡ್ಡವರ ಮುಂದೆ ಹೇಳಲು ಇಷ್ಟು ಕಷ್ಟವೇ.

"ಸ್ವಲ್ಪ ನಿಲ್ತೀರಾ," ಎಂದರು. "ಈ ಚೀಲ ಭಾರ ಇದೆ. ಆ ಕಡೆ ಹಿಡ್ಕೋತೀರಾ?"

ಡ್ರಾಯಿಂಗ್ ಟೀಚರ್ ತಿರುಗಿ ನೋಡಿದರು. ಕೊಡೆ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಆ ಕಡೆಯ ಹಿಡಿ ಹಿಡಿದುಕೊಂಡರು.